ನಾವುಂದದ ಪೇಟೆ: ಬಾಲ್ಯದ ಕೆಲವು ನೆನಪುಗಳು

ಇಗರ್ಜಿಯ ಶತಮಾನೋತ್ಸವದ ಸಂಚಿಕೆಯಲ್ಲಿ ಪೇಟೆಯ ಮಾತೇಕೆಂದು ವಾಚಕ ಬಾಂಧವರು ಕೇಳಬಹುದು. ನಮ್ಮ ಹಿರಿಯರ ಜ್ಞಾನಸ್ನಾನ, ವಿವಾಹ, ಮರಣಗಳು ಇಗರ್ಜಿಯ ದಫ್ತರಗಳಲ್ಲಿ ದಾಖಲಾಗಿವೆ. ಆದರೆ ಅವರು ಏನನ್ನು ಉಂಡರು, ಯಾರಿಗೆ ಎಷ್ಟು ಬಾಕಿಯಿದ್ದರು ಎಂಬುದು ಬರೆದಿದ್ದುದು ಪೇಟೆಯ ಅಂಗಡಿಗಳ ಕಡದ ಪುಸ್ತಕಗಳಲ್ಲಿ. ನಾವು ಕಂಡ ಆ ಪುಸ್ತಕಗಳು ಇಂದಿಲ್ಲ. ಆದಕಾರಣ ನೆನಪಿನಲ್ಲಿ ಉಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ನಾವುಂದಕ್ಕೆ ಪಶ್ಚಿಮದಲ್ಲಿ ಅರಬ್ಬೀ ಕಡಲು, ಪೂರ್ವದಲ್ಲಿ ಸೌಪರ್ಣಿಕೆಯ ತಗ್ಗುಗದ್ದೆಗಳು. ನಡುವೆ ಮರವಂತೆಯಿಂದ ಕಿರಿಮಂಜೇಶ್ವರದತ್ತ ಸಾಗುವ ಕರಾವಳಿ ರಸ್ತೆ. ಕಡಲಿನ ಮೀನು, ಗದ್ದೆಯ ಅಕ್ಕಿ, ಹಿತ್ತಿಲಿನ ತೆಂಗಿನಕಾಯಿ ಈ ರಸ್ತೆಯ ಬದಿಯಲ್ಲಿ ಸಂಧಿಸುತ್ತಿದ್ದವು. ನಮ್ಮ ಪೇಟೆಯೆಂದರೆ ಇಷ್ಟೆ. ಹಂಚಿನ ಮಾಡು, ಜಗಲಿ, ಒಂದೊಂದಾಗಿ ತೆಗೆದಿಡುವ ಹಲಗೆಬಾಗಿಲು. ಒಳಗೆ ಬೆಲ್ಲ, ಒಣಮೀನು, ಸೀಮೆಎಣ್ಣೆಗಳ ಮಿಶ್ರವಾಸನೆ. ಭಾನುವಾರ ಪೂಜೆ ಮುಗಿಸಿ ಹಿರಿಯರ ಹಿಂದೆ ಅಲ್ಲಿಗೆ ಹೋಗುವುದೇ ನಮಗೆ ಹಬ್ಬ.

1956ರವರೆಗೆ ನಮ್ಮ ಊರು ಮದರಾಸು ರಾಜ್ಯದಲ್ಲಿತ್ತು. ಸರಕಾರ ಬದಲಾದುದಕ್ಕಿಂತ ನಾಣ್ಯ ಬದಲಾದುದೇ ಪೇಟೆಗೆ ದೊಡ್ಡ ಸುದ್ದಿ. 1957ರ ಏಪ್ರಿಲಿನಲ್ಲಿ ನಯೇ ಪೈಸೆ ಬಂದಿತು. ಅರುವತ್ತರ ದಶಕದ ನಮ್ಮ ಬಾಲ್ಯದಲ್ಲಿಯೂ ಅಜ್ಜಿಯಂದಿರ ಲೆಕ್ಕ ಆಣೆಯಲ್ಲಿಯೇ. ಒಂದಾಣೆಗೆ ಆರು ಪೈಸೆಯಾದರೆ ನಾಲ್ಕಾಣೆಗೆ ಇಪ್ಪತ್ತೈದು ಹೇಗೆ, ಆ ಒಂದು ಪೈಸೆ ಯಾರದು ಎಂಬ ವಾದ ಜಗಲಿಯ ಮೇಲೆ ಮುಗಿಯುತ್ತಲೇ ಇರಲಿಲ್ಲ. ಪಿಗ್ಮಿಯವರು ಬಂದರೆ ಮಾತ್ರ ಎಲ್ಲರೂ ಸುಮ್ಮನಾಗಿ ಚಿಲ್ಲರೆ ಎಣಿಸುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡ ಉಡುಪಿಯ ಸಂಸ್ಥೆಯು 1928ರಲ್ಲಿ ಆರಂಭಿಸಿದ ಉಳಿತಾಯವದು. ಮೊದಲಿಗೆ ದಿನಕ್ಕೆ ಎರಡಾಣೆ.

ಆಸಾಡಿಯಲ್ಲಿ ಪೇಟೆಯ ರೂಪವೇ ಬೇರೆ. ಸೌಪರ್ಣಿಕೆ ಉಕ್ಕಿದಾಗ ಸಾಲ್ಬುಡ, ಬಡಾಕೆರೆಗಳ ಜನರು ದೋಣಿಯಲ್ಲಿ ನೆರೆ ದಾಟಿ ಅಕ್ಕಿಗೆ ಬರುತ್ತಿದ್ದರು. ಕಡಲಿಗೆ ಇಳಿಯುವಂತಿಲ್ಲ, ಗದ್ದೆಯ ಪೈರು ಇನ್ನೂ ಹಸಿರು; ಯಾರ ಕೈಯಲ್ಲಿಯೂ ಕಾಸಿಲ್ಲ. ನಮ್ಮ ತಾಯಿ ಚೀಲ ಹಿಡಿದು ತಲೆತಗ್ಗಿಸಿ ನಿಂತರೆ ಅಂಗಡಿಯ ಧನಿಗಳು, “ಬಾಯಮ್ಮ, ಮಳಿ ಬಿಡ್ಲಿ, ಕಾಂಬ” ಎಂದಷ್ಟೇ ಹೇಳಿ ಅಕ್ಕಿ ಅಳೆಯುತ್ತಿದ್ದರು. ಸಪ್ಟೆಂಬರ್ 8ರ ಮೊಂತಿ ಹಬ್ಬದ ತರಕಾರಿಯೂ ಕಡವೇ. ತೆನೆ ಮನೆಗೆ ಬಂದರೂ ಕೊಯ್ಲು ಬಾಕಿಯಲ್ಲವೆ! ಎಲ್ಲ ಅಂಗಡಿಗಳೂ ಹೀಗೆಯೇ ಇದ್ದವೆನ್ನಲಾರೆವು. ತಕ್ಕಡಿಯ ತಟ್ಟೆಯಡಿ ಹುಣಿಸೆಹಣ್ಣು ಅಂಟಿಸುವವರೂ ಇದ್ದರು. ಯಾರೆಂಬುದು ಮಕ್ಕಳಾದ ನಮಗೂ ಗೊತ್ತಿತ್ತು.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದು ಗೇಣಿದಾರರು ಡಿಕ್ಲರೇಶನ್ ಕೊಡತೊಡಗಿದರು. ನಮ್ಮ ತೀರ್ಥರೂಪರು ವರ್ಷವರ್ಷವೂ ಮುಡಿಯಕ್ಕಿ ಹೊತ್ತು ಗೇಣಿ ತೆತ್ತವರು. ಒಂದು ರಶೀದಿಯೂ ಕೈಯಲ್ಲಿರಲಿಲ್ಲ. ಬೆಳೆ ಕೈಕೊಟ್ಟ ವರ್ಷ ಗೇಣಿ ತುಂಬಲು ಅಂಗಡಿಯಿಂದಲೇ ಕಡ ತಂದುದು ಅವರಿಗೆ ನೆನಪಾಯಿತು. ಧನಿಗಳು ಅಟ್ಟದಿಂದ ಹಳೆಯ ಪುಸ್ತಕ ಇಳಿಸಿದರು. ‘ಗೇಣಿ ಬಾಬ್ತು ಅಕ್ಕಿ ಮುಡಿ 2’ ಎಂಬ ಸಾಲು, ತೀರ್ಥರೂಪರ ಹೆಸರು, ತಾರೀಕು ಎಲ್ಲವೂ ಅದರಲ್ಲಿದ್ದವು. ಅದೇ ಕಾನೂನಿನಿಂದ ಧನಿಗಳ ಸ್ವಂತ ಗದ್ದೆಯೂ ಅವರ ಗೇಣಿದಾರನ ಪಾಲಾಗುವುದರಲ್ಲಿತ್ತು. ಆದರೂ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ತಾವೇ ಮಂಡಳಿಯ ಮುಂದೆ ಬಂದು ಸಾಕ್ಷಿ ನುಡಿದರು. ಗದ್ದೆ ನಮಗುಳಿಯಿತು. ಬಸ್ಸಿನಲ್ಲಿ ಮರಳುವಾಗ ತೀರ್ಥರೂಪರು ಟಿಕೇಟಿನ ಹಣ ಕೊಡಹೋದರೆ ಧನಿಗಳು, “ಅದನ್ನೂ ಬರ್ಕಂತೆ” ಎಂದು ನಕ್ಕರಂತೆ.

ಪೇಟೆಯನ್ನು ಸಾಕಿದುದು ರಸ್ತೆ. ಅದನ್ನು ನುಂಗಿದುದೂ ರಸ್ತೆಯೇ. ಹದಿನೇಳನೆಯ ಸಂಖ್ಯೆಯ ಹೆದ್ದಾರಿ ಅರುವತ್ತಾರನೆಯದಾಯಿತು, ಆಮೇಲೆ ಚತುಷ್ಪಥವಾಯಿತು. ಧನಿಗಳ ಅಂಗಡಿಯ ಹಂಚು ಇಳಿಸಿದ ದಿನ ನಾವು ಊರಿನಲ್ಲಿರಲಿಲ್ಲ. ಹಲಗೆಗಳನ್ನು ಯಾರೋ ಕೊಂಡರು, ಪುಸ್ತಕಗಳನ್ನು ಗುಜರಿಯವನು ತೂಗಿ ಒಯ್ದನು ಎಂದು ತಿಳಿದುಬಂದಿತು.

ಅಂತಹ ಹಳೆಯ ಕಡದ ಪುಸ್ತಕವೊಂದು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ಹುಳು ತಿಂದಿದ್ದರೂ ಸರಿಯೆ, ದಯಮಾಡಿ ಇಗರ್ಜಿಯ ಕಚೇರಿಗೆ ತಿಳಿಸಬೇಕಾಗಿ ವಿನಂತಿಸುತ್ತೇವೆ.