ಎಲೆಯ ಮೇಲಿನ ಮಂತ್ರಿ, ಬೆಟ್ಟದ ಮೇಲಿನ ಭಾವ

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಯಾರ ಹೆಸರಿನಲ್ಲಿ ಅದನ್ನು ಕೊಡಲಾಯಿತೋ ಆ ಮುಮ್ಮಡಿ ಕೃಷ್ಣರಾಜ ಒಡೆಯರು ಆಗಿನ್ನೂ ಬಾಲಕ. ಪೂರ್ಣಯ್ಯನವರು ಹೈದರಾಲಿಯ ಬಳಿ ಇದ್ದವರು, ಟಿಪ್ಪುವಿನ ಬಳಿ ಇದ್ದವರು, 1799ರ ನಂತರ ಒಡೆಯರ ದಿವಾನರಾದವರು. ಸಿಂಹಾಸನದ ಪಕ್ಷ ಬದಲಾಯಿತು, ಮಂತ್ರಿಯ ಎಲೆ ಮಾತ್ರ ಅದೇ ಉಳಿಯಿತು.

ಎಲೆ ಎಂದದ್ದು ಸುಮ್ಮನೆ ಅಲ್ಲ. ಮುಂದೆ ಇದೇ ರಾಜರು ಗಂಜೀಫಾ ಎಲೆಗಳ ದೊಡ್ಡ ವಿನ್ಯಾಸಕರಾದರು. ಇಂದಿನ ಯುದ್ಧತಂತ್ರದ ವಿಡಿಯೊ ಗೇಮುಗಳಲ್ಲಿ ಮೊದಲು ಎದುರಾಗುವ ಪ್ರಶ್ನೆ ಯಾವ ಪಕ್ಷ ನಿಮ್ಮದು ಎಂಬುದು. ಆಮೇಲೆ ನಿಮ್ಮ ಯೋಧನಿಗೆ ಯಾವ ಆಯುಧ, ಯಾವ ವಾಹನ, ಯಾವ ಬಣ್ಣ ಎಂದು ಕೇಳುತ್ತದೆ. 2019ರ ‘ಫೈರ್ ಎಂಬ್ಲೆಮ್: ತ್ರೀ ಹೌಸಸ್’ನಲ್ಲಿ ಮೂರು ಮನೆಗಳಲ್ಲಿ ಒಂದನ್ನು ಆರಿಸಿಕೊಂಡು ಅದರ ಮಕ್ಕಳನ್ನು ಬಿಲ್ಲುಗಾರರನ್ನಾಗಿಯೋ ಸವಾರರನ್ನಾಗಿಯೋ ತಿದ್ದಬೇಕು. ಇವೇ ಪ್ರಶ್ನೆಗಳನ್ನು ಗಂಜೀಫಾ ಹಳೆಯ ಕಾಲದಲ್ಲೇ ಕೇಳಿತ್ತು, ಉತ್ತರವನ್ನೂ ತಾನೇ ಹೇಳಿಬಿಟ್ಟಿತ್ತು.

ಅಕ್ಬರನ ಕಾಲದ ಎಲೆಗಳನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ವಿವರಿಸುತ್ತಾನೆ. ಹಳೆಯ ಕಟ್ಟಿನಲ್ಲಿ ಹನ್ನೆರಡು ಪಕ್ಷ, ಪ್ರತಿ ಪಕ್ಷಕ್ಕೆ ಹನ್ನೆರಡು ಎಲೆ. ಅಶ್ವಪತಿಯ ಬಲ ಕುದುರೆ, ಗಜಪತಿಯ ಬಲ ಆನೆ, ನರಪತಿಯ ಬಲ ಕಾಲಾಳು. ಈ ನರಪತಿಗೆ ಅವನು ಕೊಡುವ ಉದಾಹರಣೆ ಬಿಜಾಪುರದ ಅರಸರು. ಕನ್ನಡ ಓದುಗರಿಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ, ಏಕೆಂದರೆ ನರಪತಿ ಎಂಬ ಬಿರುದು ನಮಗೆ ವಿಜಯನಗರದ ಅರಸರ ಜೊತೆ ಅಂಟಿಕೊಂಡಿದೆ. ಇನ್ನೊಬ್ಬ ವನಪತಿ. ಅವನ ಪಕ್ಷದಲ್ಲಿ ಮನುಷ್ಯರೇ ಇಲ್ಲ, ಎಲ್ಲವೂ ಕಾಡುಮೃಗಗಳು. ಅಕ್ಬರನಿಗೆ ಈ ಕಟ್ಟು ಹಾಗೆಯೇ ಹಿಡಿಸಲಿಲ್ಲ. ಕೆಲವು ಪಕ್ಷಗಳ ರಾಜರನ್ನೂ ಪರಿವಾರವನ್ನೂ ತನಗೆ ಬೇಕಾದಂತೆ ಬದಲಿಸಿದ.

ದಖನ್ನಿನ ದಶಾವತಾರ ಗಂಜೀಫಾದಲ್ಲಿ ಪಕ್ಷಗಳು ಹತ್ತು, ಎಲೆಗಳು 120. ಮತ್ಸ್ಯನ ಪಕ್ಷಕ್ಕೆ ಮೀನು, ಕೂರ್ಮನಿಗೆ ಆಮೆ, ಪರಶುರಾಮನಿಗೆ ಕೊಡಲಿ ಗುರುತು. ಪ್ರತಿ ಪಕ್ಷಕ್ಕೂ ರಾಜ, ಮಂತ್ರಿ, ಉಳಿದ ಹತ್ತು ಅಂಕಿಗಳು. ಹಗಲಾದರೆ ರಾಮನನ್ನು ಹಿಡಿದವನು ಆಟ ಶುರುಮಾಡಬೇಕು, ರಾತ್ರಿಯಾದರೆ ಕೃಷ್ಣನನ್ನು ಹಿಡಿದವನು. ಅರ್ಧ ಪಕ್ಷಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ಒಂದು ಮನೆಯಲ್ಲಿ ಕಡೆಯವನಾದವನು ಇನ್ನೊಂದು ಮನೆಯಲ್ಲಿ ಮಂತ್ರಿಯ ಪಕ್ಕದವನು. ಎಷ್ಟು ಚಂದದ ಕಿಡಿಗೇಡಿತನ!

ಮುಮ್ಮಡಿಯವರು ಇದನ್ನೆಲ್ಲ ಹಿಗ್ಗಿಸಿದರು. ಅವರ ಆಟಗಳಿಗೆ ‘ಛದ’ ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆಯೇ. ಇಸ್ಪೀಟಿಗೂ ನಾವು ಎಲೆ ಎನ್ನುವುದು ಕಾಕತಾಳೀಯವಿರಬಹುದು. ಮೈಸೂರಿನ ಛದದ ಒಂದು ಪಕ್ಷದಲ್ಲಿ ಸಾಮಾನ್ಯವಾಗಿ ಹನ್ನೆರಡು ಅಂಕಿ, ಆರು ಆಸ್ಥಾನದ ಎಲೆಗಳು. ಪಕ್ಷಗಳು ಹದಿನೆಂಟರವರೆಗೆ ಬೆಳೆದವು, ದೊಡ್ಡ ಕಟ್ಟಿನಲ್ಲಿ 360 ಎಲೆ. ಎರಡು ಕೈಯಲ್ಲಿ ಹಿಡಿದು ಆಡುವುದು ಹೇಗೆಂದು ನನಗೆ ಈಗಲೂ ಬೆರಗು. ಇದರ ಜೊತೆಗೆ ಚದುರಂಗದ ಕುದುರೆ ಮಣೆಯ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿಬರುವ ದಾರಿಗಳನ್ನೂ ಅವರು ಕಂಡುಹಿಡಿದರು.

ಇದಕ್ಕೆ ಸಿದ್ಧವಾಗಿರುವ ವಿವರಣೆ ಗೊತ್ತಿರುವುದೇ. ನಗರದ ದಂಗೆಯ ಬೆನ್ನಿಗೆ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು; 1868ರಲ್ಲಿ ತೀರಿಕೊಳ್ಳುವ ತನಕ 37 ವರ್ಷ ರಾಜರು ಕಾಗದದ ಸೈನ್ಯ ಕಟ್ಟುತ್ತ ಕೂತರು ಎಂಬುದು. ನನಗೆ ಇದು ಅರೆಸತ್ಯ ಅನ್ನಿಸುತ್ತದೆ. ಆಟಗಳು ಬರುವುದು ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ. ಅದಕ್ಕೆ ಮುಂಚಿನ ನಿಧಿಗಳ ತುಂಬ ದೇವತೆಗಳ ಧ್ಯಾನರೂಪಗಳು: ಮೈಬಣ್ಣ ಏನು, ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ಏರುವ ವಾಹನ ಯಾವುದು. ಇವೆಲ್ಲ ಪಕ್ಕಾ ಆದಮೇಲೆ ಅದೇ ಬರಹದಲ್ಲಿ ಆಟ ಬರುತ್ತದೆ. ದುಃಖ ಮರೆಯುವವನ ಕೆಲಸದಲ್ಲಿ ಇಷ್ಟು ಶಿಸ್ತು ಇರುವುದಿಲ್ಲ. ಯಾರು ಯಾವ ಪಕ್ಷ, ಯಾರ ಕೈಯಲ್ಲಿ ಏನು ಎಂದು ತೀರ್ಮಾನಿಸುವ ಅಧಿಕಾರವೇ ರಾಜತ್ವ ಎಂದು ತಿಳಿದವರು ಅದನ್ನು ನಡೆಸಲು ಉಳಿದಿದ್ದ ಜಾಗ ಇದು. ಹಾಗಾಗಿಯೇ ಆಡುವವನಿಗೆ ಇಲ್ಲಿ ತಿದ್ದುವ ಸ್ವಾತಂತ್ರ್ಯವಿಲ್ಲ. ಇಂದಿನ ಗೇಮಿನ ಹುಡುಗ ತನ್ನ ಯೋಧನಿಗೆ ನೀಲಿ ಕೂದಲು ಬಳಿಯಬಲ್ಲ. ಛದದಲ್ಲಿ ಬಣ್ಣ ಬಳಿಯುವ ಕಲಾವಿದನೂ ಶ್ಲೋಕಕ್ಕೆ ಬದ್ಧ.

ಆಡುವವರು ಕಡಿಮೆಯಾದರು. ಮೈಸೂರು ಗಂಜೀಫಾ ಈಗ ಭೌಗೋಳಿಕ ಗುರುತು ಪಡೆದ ಕಲೆ. ರಘುಪತಿ ಭಟ್ಟರಂಥವರ ಕುಂಚದಿಂದ ಉಳಿದದ್ದು ಚಿತ್ರ, ಆಟವಲ್ಲ.

ಮತ್ತೆ ಯಳಂದೂರಿನಿಂದ ಬೆಟ್ಟ ಹತ್ತಿದರೆ ಅದೇ ವಿಷ್ಣು ಇನ್ನೊಂದು ರೂಪದಲ್ಲಿ ಸಿಗುತ್ತಾನೆ. ಸೋಲಿಗರ ಹಾಡುಗಳಲ್ಲಿ ಬಿಳಿಗಿರಿರಂಗ ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ಅವನು ಅವರಿಗೆ ರಂಗಭಾವ. ಅರಮನೆಯ ಪುಸ್ತಕದಲ್ಲಿ ದೇವರ ಪಕ್ಷವನ್ನು ರಾಜ ಗೊತ್ತುಮಾಡಿದರೆ ಇಲ್ಲಿ ಹೆಣ್ಣು ಕೊಟ್ಟವರು ಅವನನ್ನು ತಮ್ಮ ಪಕ್ಷಕ್ಕೆ ಎಳೆದುಕೊಂಡಿದ್ದಾರೆ. ವೈಷ್ಣವ ಗುಡಿಯೊಳಗಿನ ದೇವರು ಕಾಡಿನವರ ನೆಂಟನಾಗುವುದಕ್ಕೆ ಯಾವ ಧ್ಯಾನಶ್ಲೋಕದ ಅಪ್ಪಣೆಯೂ ಬೇಕಾಗಲಿಲ್ಲ. ಶಂಖಚಕ್ರಗಳ ಮಾತು ಹಾಗಿರಲಿ, ಕಾಡು ಸುತ್ತುವವನಿಗೆ ಕಾಲಿಗೇನು ಎಂಬ ಚಿಂತೆಯೂ ಇಲ್ಲಿನವರದೇ. ಎರಡು ವರ್ಷಕ್ಕೊಮ್ಮೆ ಅವನಿಗೆ ಚರ್ಮದ ಭಾರೀ ಚಪ್ಪಲಿಗಳನ್ನು ಹೊಲಿದು ತಂದು ಒಪ್ಪಿಸುತ್ತಾರೆ. ಆ ಚಪ್ಪಲಿಗಳನ್ನು ಬಂದ ಭಕ್ತರ ತಲೆಗೆ ಮುಟ್ಟಿಸಿ ಹರಸುತ್ತಾರೆ.