ಪ್ರಳಯದ ಮರುದಿನ: ವಿಜ್ಞಾನ ಕಾದಂಬರಿಗಳಲ್ಲಿ ಭರವಸೆ ಮತ್ತು ಸಮಾಜದ ಮರುನಿರ್ಮಾಣ

ಅಣುಯುದ್ಧ, ಮಹಾಮಾರಿ, ಬರ, ಹವಾಮಾನದ ಏರುಪೇರು. ಇಂಥ ಯಾವುದೋ ಕಾರಣದಿಂದ ಈಗಿನ ನಾಗರಿಕತೆ ಕುಸಿದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ ಎಂದು ಹೇಳುವ ಕೃತಿಗಳನ್ನು ಪ್ರಳಯೋತ್ತರ ವಿಜ್ಞಾನ ಕಥೆಗಳು ಎನ್ನಬಹುದು. ಸಿನಿಮಾಗಳಿಂದಾಗಿ ಈ ಪ್ರಕಾರವೆಂದರೆ ಪಾಳುಬಿದ್ದ ನಗರ, ಬಂದೂಕು, ಹಸಿವು ಇಷ್ಟೇ ಹಲವರ ನೆನಪಿಗೆ ಬರುತ್ತದೆ. ಆದರೆ ಇದರ ಒಳ್ಳೆಯ ಕಾದಂಬರಿಗಳು ಬೇರೊಂದು ಪ್ರಶ್ನೆಯನ್ನು ಕೇಳುತ್ತವೆ: ಎಲ್ಲವನ್ನೂ ಉಳಿಸಿಕೊಳ್ಳಲು ಆಗದಾಗ ಯಾವುದನ್ನು ಉಳಿಸಬೇಕು? ಅದನ್ನು ಮುಂದಿನವರ ಕೈಗೆ ದಾಟಿಸುವುದು ಹೇಗೆ? ಈ ದೃಷ್ಟಿಯಿಂದ ಐದು ಕಾದಂಬರಿಗಳ ಪರಿಚಯ ಇಲ್ಲಿದೆ. ವಿವರಣೆಗೆ ಅಗತ್ಯವಿರುವುದರಿಂದ ಕೆಲವು ಕಥೆಗಳ ಮುಕ್ತಾಯವನ್ನೂ ಹೇಳಲಾಗಿದೆ.

ಓದುವವರಿಲ್ಲದ ಬರಹ

'ಫ್ರಾಂಕೆನ್‌ಸ್ಟೈನ್' ಬರೆದ ಮೇರಿ ಶೆಲ್ಲಿ ಅವರ 'ದಿ ಲಾಸ್ಟ್ ಮ್ಯಾನ್' 1826ರಲ್ಲಿ ಪ್ರಕಟವಾಯಿತು. ಇಪ್ಪತ್ತೊಂದನೇ ಶತಮಾನದ ಕೊನೆಯಲ್ಲಿ ಪಿಡುಗೊಂದು ಹಬ್ಬಿ ಮನುಕುಲವೇ ಅಳಿಯುತ್ತದೆ. ಉಳಿದ ಲಯನಲ್ ವರ್ನಿ ರೋಮ್ ನಗರದಲ್ಲಿ ಒಬ್ಬನೇ ಕುಳಿತು ನಡೆದದ್ದನ್ನೆಲ್ಲ ಬರೆದಿಡುತ್ತಾನೆ. ಆಮೇಲೆ ಒಂದು ನಾಯಿ ಮತ್ತು ಹೋಮರ್, ಶೇಕ್ಸ್‌ಪಿಯರ್ ಮೊದಲಾದವರ ಪುಸ್ತಕಗಳೊಂದಿಗೆ ದೋಣಿ ಏರಿ, ಎಲ್ಲಾದರೂ ಇನ್ನೊಬ್ಬರು ಸಿಕ್ಕಾರೇ ಎಂದು ಹೊರಡುತ್ತಾನೆ. ಸಮಾಜ ಕಟ್ಟಲು ಕನಿಷ್ಠ ಇಬ್ಬರು ಬೇಕು, ಅವನಿಗೆ ಆ ಇನ್ನೊಬ್ಬರಿಲ್ಲ. ಆದರೂ ಅವನು ಬರೆಯುವುದನ್ನು ಬಿಡುವುದಿಲ್ಲ.

ಗ್ರಂಥಾಲಯ ಉಳಿಯಿತು, ಓದು ಉಳಿಯಲಿಲ್ಲ

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜಾರ್ಜ್ ಆರ್. ಸ್ಟೀವರ್ಟ್ 1949ರಲ್ಲಿ 'ಅರ್ಥ್ ಅಬೈಡ್ಸ್' ಬರೆದರು. ರೋಗವೊಂದು ಬಹುಪಾಲು ಜನರನ್ನು ಕೊಂದ ಮೇಲೆ ಇಶ್ ಎಂಬ ಯುವಕ ಮತ್ತು ಎಮ್ ಎಂಬ ಹೆಂಗಸು ಸೇರಿ ಒಂದು ಪುಟ್ಟ ಬಳಗ ಕಟ್ಟುತ್ತಾರೆ. ಹತ್ತಿರದಲ್ಲೇ ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯ ಹಾಗೇ ಇದೆ. ಅದು ಇರುವವರೆಗೆ ನಾಗರಿಕತೆ ಮತ್ತೆ ಚಿಗುರುತ್ತದೆ ಎಂಬುದು ಇಶ್‌ನ ನಂಬಿಕೆ. ಆದರೆ ಮಕ್ಕಳಿಗೆ ಡಬ್ಬಿಯ ಆಹಾರ ಸುಲಭವಾಗಿ ಸಿಗುತ್ತದೆ, ಓದುವ ಅಗತ್ಯವೇ ಕಾಣುವುದಿಲ್ಲ. ಓದಿನಲ್ಲಿ ಆಸಕ್ತಿಯಿದ್ದ ಒಬ್ಬನೇ ಮಗ ಜೋಯಿ ಜ್ವರಕ್ಕೆ ಬಲಿಯಾಗುತ್ತಾನೆ. ಆಗ ಇಶ್ ಶಾಲೆಯ ಆಸೆ ಬಿಟ್ಟು, ಮಕ್ಕಳಿಗೆ ಆಟವೆಂಬಂತೆ ಬಿಲ್ಲುಬಾಣ ಮಾಡುವುದನ್ನು ಕಲಿಸುತ್ತಾನೆ. ಅವನ ಮುಪ್ಪಿನ ಕಾಲಕ್ಕೆ ಆ ಆಟವೇ ಬೇಟೆಯ ವಿದ್ಯೆಯಾಗಿರುತ್ತದೆ. ಮಕ್ಕಳ ಬಾಯಿಗೂ ಕೈಗೂ ಬರದ ವಿದ್ಯೆ ಒಂದೇ ತಲೆಮಾರಿನಲ್ಲಿ ಮರೆಯಾಗುತ್ತದೆ ಎಂಬ ಮಾತು ಗಡಿಯೂರುಗಳ ನಮ್ಮ ಓದುಗರಿಗೆ ಹೊಸದೇನಲ್ಲ.

ಅರ್ಥವಾಗದಿದ್ದರೂ ಕಾಪಾಡಿದವರು

ವಾಲ್ಟರ್ ಎಂ. ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿದ್ದವರು. 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಎಂಬ ಪುರಾತನ ಕ್ರೈಸ್ತ ಮಠವನ್ನು ನೆಲಸಮ ಮಾಡಿದ ದಾಳಿಯಲ್ಲಿ ಅವರೂ ಪಾಲ್ಗೊಂಡಿದ್ದರು. ಮುಂದೆ ಅವರು ಬರೆದ 'ಎ ಕ್ಯಾಂಟಿಕಲ್ ಫಾರ್ ಲೀಬೋವಿಟ್ಜ್' ಕಾದಂಬರಿಯ ಕೇಂದ್ರದಲ್ಲಿ ಒಂದು ಮಠವೇ ಇದೆ. 1959ರಲ್ಲಿ ಪ್ರಕಟವಾದ ಈ ಕೃತಿಗೆ 1961ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು.

ಅಣುಯುದ್ಧದ ನಂತರ ರೊಚ್ಚಿಗೆದ್ದ ಜನ ಓದುಬರಹ ಬಲ್ಲವರನ್ನು ಕೊಂದು ಪುಸ್ತಕಗಳನ್ನು ಸುಡುತ್ತಾರೆ. ಮರುಭೂಮಿಯ ಮಠದ ಸನ್ಯಾಸಿಗಳು ಸಿಕ್ಕಿದ ಕಾಗದಗಳನ್ನೆಲ್ಲ ಬಚ್ಚಿಟ್ಟು ನಕಲು ಮಾಡುತ್ತಾರೆ. ಅದರಲ್ಲಿ ಒಂದು ವಿದ್ಯುತ್ ಉಪಕರಣದ ನಕ್ಷೆಯೂ ಇದೆ, ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿಯೂ ಇದೆ. ಎರಡರ ಅರ್ಥವೂ ಅವರಿಗೆ ಗೊತ್ತಿಲ್ಲ. ಶತಮಾನಗಳು ಕಳೆದ ಮೇಲೆ ಅದೇ ಮಠದಲ್ಲಿ ಮತ್ತೆ ವಿದ್ಯುದ್ದೀಪ ಬೆಳಗುತ್ತದೆ. ಇನ್ನಷ್ಟು ಶತಮಾನಗಳ ನಂತರ ಮತ್ತೆ ಅಣುಬಾಂಬ್ ಬೀಳುತ್ತದೆ. ಜ್ಞಾನವನ್ನು ಕಾಪಾಡಬಹುದು, ವಿವೇಕವನ್ನು ಹಾಗೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಲಾಗದು ಎಂಬ ಕಹಿ ಸತ್ಯ ಇಲ್ಲಿದೆ. ಕೊನೆಯಲ್ಲಿ ಕೆಲವು ಸನ್ಯಾಸಿಗಳು ಮಕ್ಕಳನ್ನೂ ಆ ಕಡತಗಳನ್ನೂ ಕರೆದೊಯ್ಯುವ ಆಕಾಶನೌಕೆ ಏರುತ್ತಾರೆ.

ಬೀಜದ ಚೀಲ

ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ 'ಪ್ಯಾರಬಲ್ ಆಫ್ ದಿ ಸೋವರ್' (1993) ಕಥೆ 2024ರಲ್ಲಿ ಶುರುವಾಗುತ್ತದೆ. ಇಲ್ಲಿ ಪ್ರಳಯ ಒಂದೇ ದಿನದಲ್ಲಿ ಬರುವುದಿಲ್ಲ. ನೀರು ದುಬಾರಿಯಾಗುತ್ತದೆ, ಕೆಲಸ ಸಿಗದಾಗುತ್ತದೆ, ಪೊಲೀಸರನ್ನು ನಂಬಲಾಗದು, ಓಣಿಗಳಿಗೆ ಗೋಡೆ ಏಳುತ್ತದೆ. ಹದಿಹರೆಯದ ಲಾರೆನ್ ಮುಂದೆ ಬರುವುದನ್ನು ಊಹಿಸಿ, ಕಾಡುಗಿಡಗಳ ಬಗ್ಗೆ ಓದಿಕೊಂಡು, ಬೀಜಗಳನ್ನು ಕಟ್ಟಿಟ್ಟುಕೊಳ್ಳುತ್ತಾಳೆ. ಅವಳ ಓಣಿ ಸುಟ್ಟುಹೋದಾಗ ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆಯುತ್ತ, ದಾರಿಯಲ್ಲಿ ಸಿಕ್ಕ ಅಪರಿಚಿತರನ್ನು ಒಬ್ಬೊಬ್ಬರಾಗಿ ಸೇರಿಸಿಕೊಳ್ಳುತ್ತಾಳೆ, ಅಕ್ಷರ ಬಾರದವರಿಗೆ ಕಲಿಸುತ್ತಾಳೆ. ಕೊನೆಗೆ ಸತ್ತವರ ನೆನಪಿಗೆ ಓಕ್ ಮರದ ಬೀಜ ನೆಟ್ಟು ಅಲ್ಲೇ ಹೊಸ ಊರು ಹೂಡುತ್ತಾರೆ. 1998ರ ಮುಂದಿನ ಭಾಗದಲ್ಲಿ ಆ ಊರೂ ನಾಶವಾಗುತ್ತದೆ. ಲಾರೆನ್ ಮತ್ತೆ ಮೊದಲಿನಿಂದ ಆರಂಭಿಸುತ್ತಾಳೆ.

ಊರೂರು ತಿರುಗುವ ನಾಟಕ ಕಂಪನಿ

ಕೆನಡಾದ ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಅವರ 'ಸ್ಟೇಷನ್ ಇಲೆವೆನ್' (2014) ಕಾದಂಬರಿಗೆ 2015ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ದೊರೆಯಿತು. ಫ್ಲೂ ಜ್ವರ ಜಗತ್ತನ್ನು ಬರಿದು ಮಾಡಿ ಇಪ್ಪತ್ತು ವರ್ಷ ಕಳೆದಿದೆ. ಉತ್ತರ ಅಮೆರಿಕದ ಮಹಾಸರೋವರಗಳ ಬಳಿಯ ಹಳ್ಳಿಗಳಲ್ಲಿ ಕಲಾವಿದರ ತಂಡವೊಂದು ಕುದುರೆ ಎಳೆಯುವ ಬಂಡಿಗಳಲ್ಲಿ ತಿರುಗುತ್ತ ಸಂಗೀತ ನುಡಿಸುತ್ತದೆ, ಶೇಕ್ಸ್‌ಪಿಯರ್ ನಾಟಕ ಆಡುತ್ತದೆ. ಇನ್ನೊಂದೆಡೆ, ವಿಮಾನ ನಿಲ್ದಾಣದಲ್ಲಿ ನೆಲೆಸಿದವರು ಕೆಲಸಕ್ಕೆ ಬಾರದ ಮೊಬೈಲು, ಕ್ರೆಡಿಟ್ ಕಾರ್ಡುಗಳನ್ನು ಜೋಡಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕೊನೆಯಲ್ಲಿ ದೂರದರ್ಶಕದಲ್ಲಿ, ಬಹು ದೂರದ ಊರೊಂದರಲ್ಲಿ ಸಾಲುದೀಪ ಉರಿಯುವುದು ಕಾಣುತ್ತದೆ.

ಸಮಾನ ಅಂಶಗಳು

* ವಿದ್ಯುತ್ತು, ವಾಹನ ಮರಳುವ ಮೊದಲೇ ಪಾಠ, ಪಂಕ್ತಿ ಊಟ, ಸಂಸ್ಕಾರ, ನಾಟಕ ಇತ್ಯಾದಿ ಮರಳುತ್ತವೆ. ಸಮಾಜ ಮತ್ತೆ ಹುಟ್ಟಿದ ಗುರುತು ಇವೇ.
* ಒಬ್ಬ ವೀರನಿಂದ ಯಾವುದೂ ಉಳಿಯುವುದಿಲ್ಲ. ಅಪರಿಚಿತರನ್ನು ನಂಬಲು ಕಲಿತ ಗುಂಪೇ ಬಾಳುತ್ತದೆ.
* ಹಳೆಯದು ಇದ್ದಹಾಗೇ ಮರಳುವುದಿಲ್ಲ. ಯಾವುದನ್ನು ಬಿಡಬೇಕು ಎಂಬುದೂ ತೀರ್ಮಾನವಾಗಬೇಕು.

ಕಥೆಯಿಂದ ಹೊರಗೆ

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2008ರಲ್ಲಿ ಜಾಗತಿಕ ಬೀಜ ಭಂಡಾರ ತೆರೆಯಿತು. ಯುದ್ಧದಿಂದಾಗಿ ಸಿರಿಯಾದ ಅಲೆಪ್ಪೊ ಬಳಿಯ ಬೀಜ ಸಂಗ್ರಹದಲ್ಲಿ ಕೆಲಸ ನಡೆಸಲಾಗದಂತಾದಾಗ, 2015ರಲ್ಲಿ ಮೊದಲ ಬಾರಿಗೆ ಆ ಭಂಡಾರದಿಂದ ಬೀಜ ಹಿಂಪಡೆಯಲಾಯಿತು. ಲೆಬನಾನ್ ಮತ್ತು ಮೊರೊಕ್ಕೊಗಳಲ್ಲಿ ಬಿತ್ತಿ ಬೆಳೆದು, 2017ರಲ್ಲಿ ಹೊಸ ಬೀಜವನ್ನು ಮರಳಿ ಇಡಲಾಯಿತು. ಭಂಡಾರದ ಜೊತೆಗೆ ಬಿತ್ತುವ ಕೈಗಳೂ ಇದ್ದುದರಿಂದ ಅದು ಸಾಧ್ಯವಾಯಿತು. ಇಶ್‌ನ ಗ್ರಂಥಾಲಯಕ್ಕೆ ಇಲ್ಲದೆ ಹೋದದ್ದು ಅದೇ.

ಹೊಸದಾಗಿ ಓದುವವರು 'ಸ್ಟೇಷನ್ ಇಲೆವೆನ್'ನಿಂದ ಆರಂಭಿಸಿ 'ಅರ್ಥ್ ಅಬೈಡ್ಸ್'ಗೆ ಬರುವುದು ಅನುಕೂಲ. ಬಟ್ಲರ್ ಅವರ ಕಾದಂಬರಿಯಲ್ಲಿ ಹಿಂಸೆಯ ವಿವರಗಳು ಹೆಚ್ಚಿರುವುದರಿಂದ ಅದು ದೊಡ್ಡವರಿಗೆ ಮಾತ್ರ ತಕ್ಕದ್ದು.