ನೀರುಗಂಟಿಯ ಲೆಕ್ಕ

ನಲ್ಲಿಯ ಪಕ್ಕ ಮೀಟರು ಕೂತ ಮೇಲೆ ನೀರಿಗೂ ಲೆಕ್ಕ ಬಂತು ಎಂದು ಪಟ್ಟಣದವರು ಅಂದುಕೊಳ್ಳುತ್ತೇವೆ. ಮದ್ದೂರು ತಾಲ್ಲೂಕಿನ ಆತಗೂರು ಕಡೆಯ ಹಳಬರು ಕೇಳಿದರೆ ನಕ್ಕಾರು.

ಕೆರೆಯ ಕಾಲದಲ್ಲಿ ಊರಿಗೊಬ್ಬ ನೀರುಗಂಟಿ. ತೂಬು ಎತ್ತುವವನೂ ಇಳಿಸುವವನೂ ಅವನೇ. ಗದ್ದೆಯ ಯಜಮಾನನೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ಇಂದು ಯಾರ ಗದ್ದೆಗೆ, ಎಷ್ಟು ಹೊತ್ತು, ಮಳೆ ಕೈಕೊಟ್ಟ ವರ್ಷ ಯಾರಿಗೆಷ್ಟು, ಎಲ್ಲ ಅವನ ತಲೆಯಲ್ಲಿ. ಕೂಲಿಯೆಂದರೆ ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ಭತ್ತ. ಹಲವು ಊರುಗಳಲ್ಲಿ ಈ ಕೆಲಸ ದಲಿತ ಮನೆತನದ್ದು; ಸ್ವಂತ ಗದ್ದೆಯಿಲ್ಲದವನು ಪಕ್ಷಪಾತ ಮಾಡಲಾರ ಎಂಬ ನಂಬಿಕೆ. ಊರಿಗೆಲ್ಲ ನೀರು ಹಂಚಿದವನ ಹೆಂಡತಿ ಮಾತ್ರ ಮೇಲುಕೇರಿಯ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಕೆರೆಗಳ ಚರಿತ್ರೆ ಓದುವಾಗ ನನ್ನ ಗಂಟಲು ಕಟ್ಟುವುದು ಇಲ್ಲೇ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದರ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದಾಗ ಲೆಕ್ಕ ಇಂಜಿನಿಯರರ ಕೈ ಸೇರಿತು. ವಿಶ್ವೇಶ್ವರಯ್ಯನವರು ಪುಣೆ ಕಡೆಯ ನೀರಾ ನಾಲೆಯಲ್ಲಿ ತಂದಿದ್ದ ಬ್ಲಾಕ್ ಪದ್ಧತಿ ಇಲ್ಲಿಗೂ ಬಂತು: ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ರಾಗಿಯಂಥ ಅರೆ ಖುಷ್ಕಿ ಬೆಳೆ, ವರ್ಷವರ್ಷ ಸರದಿ. ಬೆಳೆಗೆ ಮಿತಿಯಿದ್ದರೆ ನೀರಿಗೂ ಮಿತಿ. ಆದರೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಎದ್ದಿತು. ಕಾಸು ತರುವ ಕಬ್ಬು ಬಿಟ್ಟು ರಾಗಿ ಬಿತ್ತು ಎಂದರೆ ಯಾರು ಕೇಳುತ್ತಾರೆ? ಬರಬರುತ್ತ ಸರದಿ ಕೆಟ್ಟಿತು. ನಾಲೆಯ ಮೇಲ್ಭಾಗದವರು ಕುಡಿದುಳಿದದ್ದು ಕೊನೆಭಾಗದ ಮದ್ದೂರು, ಮಳವಳ್ಳಿಗೆ.

ಅದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದ ಕಾವೇರಿ ನೀರು ಬೆಂಗಳೂರಿಗೆ ಹೋಗುತ್ತಿದೆ: ಸುಮಾರು 100 ಕಿಲೋಮೀಟರು ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ. ಅಲ್ಲಿ ಮನೆಮನೆಗೆ ಮೀಟರು, ತಿಂಗಳಿಗೊಂದು ಬಿಲ್ಲು. ನೀರನ್ನು ಅಷ್ಟೆತ್ತರಕ್ಕೆ ಎತ್ತುವ ವಿದ್ಯುತ್ತಿನದೇ ಅದರಲ್ಲಿ ದೊಡ್ಡ ಖರ್ಚು.